ರಾಕ್ಷಸನಿದ್ದ ಪುಟ

ಆಕೆ ಮಕ್ಕಳ ಕಥೆಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಪ್ರಕಾಶಕರ ಲೋಟದ ಕಾಫಿ ತುಳುಕಿತು.

“ಹಳೇ ಚಿತ್ರಗಳ ಚೆಂದಕ್ಕೇ ಜನ ಇದನ್ನ ಹುಡುಕ್ಕೊಂಡು ಬರೋದು. ಮರುಮುದ್ರಣದಲ್ಲಿ ಆ ರಾಕ್ಷಸನ್ನ ಯಾಕ್ರೀ ತೆಗೆದುಹಾಕಿದ್ರಿ?”

“ಬೇರೆಯವರ ಹತ್ರ ಹೊಸದಾಗಿ ಬರೆಸಿ ಹಾಕಿದ್ದೀವಲ್ಲಮ್ಮ. ನೋಡಿ, ನಗ್ತಾ ಇದ್ದಾನೆ.”

“ಈ ಗುಂಡುಮುಖದ ಗೊಂಬೆ ಯಾರಿಗ್ರೀ ಬೇಕು? ನನಗೆ ಆ ಹಳೇ ರಾಕ್ಷಸನೇ ಬೇಕು!”

ಪ್ರಕಾಶಕರಿಗೂ ಪಿತ್ತ ನೆತ್ತಿಗೇರಿತು. “ಮಕ್ಕಳು ಹೆದರ್ಕೊಂಡು ಆ ಪುಟಾನೇ ಹರಿದುಹಾಕ್ತಿದ್ವು ತಾಯಿ! ಗುಳಿಬಿದ್ದ ಕೆನ್ನೆ, ಸೊಟ್ಟ ಮೂಗು, ಮುರುಕು ಹಲ್ಲು. ಅಂಥ ವಿಕಾರ ಮುಖಾನ ಆ ಚಿತ್ರಗಾರ ಅದೆಲ್ಲಿ ನೋಡಿದ್ನೋ!”

“ಕನ್ನಡೀಲಿ,” ಎಂದಳು ಆಕೆ. “ನಮ್ಮನೇಲಿ ಅಪ್ಪನ ಫೋಟೋ ಅಂತ ಒಂದೂ ಇಲ್ಲ.”