ಹೊಳೆಯಮ್ಮನ ಕಚಗುಳಿ

ಹೊಳೆಗಳಿಗೆಲ್ಲ ಕಚಗುಳಿ ಶುರುವಾದ ಮೇಲೆ ದೋಣಿ ಪಂದ್ಯಕ್ಕೆ ತೋಳಿನ ಬಲವೊಂದೇ ಸಾಲದಾಯಿತು. ಹುಟ್ಟು ತುಸು ಜೋರಾಗಿ ತಾಗಿದರೂ ಹೊಳೆಯಮ್ಮ ಕಿಲಕಿಲ ನಕ್ಕು ದೋಣಿ ಮಗುಚಿಬಿಡುತ್ತಿದ್ದಳು. ಕಳೆದ ವರ್ಷ ಜಲಜಾಕ್ಷಿ ಹಾಗೆಯೇ ತಂಡದ ಸಮೇತ ನೀರಿಗೆ ಬಿದ್ದಿದ್ದಳು. ಈ ಸಲವೂ ಸೋತರೆ ತಂಡದಲ್ಲಿ ಜಾಗವಿಲ್ಲ ಎಂದಾಗಿತ್ತು.

ತರಬೇತಿ ಕೊಡುವ ಗುಲಾಬಿ ಚಿಕ್ಕಮ್ಮ ಅವಳನ್ನು ಮಣೆಯ ಮೇಲೆ ಕೂರಿಸಿ, ಪಕ್ಕದಲ್ಲಿ ಮೊಮ್ಮಗುವಿನ ತೊಟ್ಟಿಲು ಕಟ್ಟಿದಳು. "ಸೊಂಟದಿಂದ ತಿರುಗು ಮಾರಾಯ್ತಿ, ಹುಟ್ಟಿನ ತುದಿಯಲ್ಲಿ ತೊಟ್ಟಿಲು ತೂಗು. ಮಗು ಎದ್ದರೆ ಮತ್ತೆ ಮೊದಲಿಂದ!" ಮಳೆಗಾಲವಿಡೀ ಜಲಜಾಕ್ಷಿ ಜೋಗುಳ ಹಾಡುತ್ತ ತೂಗಿದಳು. ಅವಳ ಸೊಂಟ ಬಳ್ಳಿಯಂತಾಯಿತು, ಮಗು ದುಂಡಗಾಯಿತು.

ಪಂದ್ಯದ ದಿನ ಹೊಳೆಗೆ ಕೈಮುಗಿದು ಹೊರಟಳು. ಹುಟ್ಟು ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು, ದೋಣಿ ಎಲ್ಲರಿಗಿಂತ ಮುಂದೆ ಹೋಯಿತು. ಆದರೆ ಅಭ್ಯಾಸಬಲ, ಬಾಯಿ ತಾನಾಗಿ "ಜೋ ಜೋ" ಎಂದಿತು. ಗುರಿ ಇನ್ನೇನು ಮಾರು ದೂರವಿದೆ ಎನ್ನುವಾಗ ಹೊಳೆಯಮ್ಮ ಆಕಳಿಸಿ ನಿದ್ದೆಹೋದಳು. ನೀರು ಗಟ್ಟಿ ಮೊಸರಿನಂತೆ ನಿಂತಿತು, ದೋಣಿಗಳೆಲ್ಲ ಇದ್ದಲ್ಲೇ ಕೂತವು.

"ಈಗೆಂತ ಮಾಡೂದು ಚಿಕ್ಕಮ್ಮ?"

ದಡದಲ್ಲಿ ಮಗು ಎತ್ತಿಕೊಂಡಿದ್ದ ಚಿಕ್ಕಮ್ಮ ಹಣೆ ಚಚ್ಚಿಕೊಂಡಳು. "ಕಳೆದ ವರ್ಷದ ಹಾಗೇ ಒಂದು ಹೊಡಿಯೇ!"

"ತಪ್ಪಾಯ್ತು ತಾಯಿ" ಎಂದು ಜಲಜಾಕ್ಷಿ ಹುಟ್ಟು ಬೀಸಿ ಬಾರಿಸಿದಳು. ಹೊಳೆಯಮ್ಮ ಗಹಗಹಿಸಿ ನಕ್ಕಳು. ದೋಣಿ ಗುರಿಗಂಬವನ್ನೇ ಹಾರಿ ತೀರ್ಪುಗಾರರ ಚಪ್ಪರದೊಳಗೆ ಹೋಗಿ ಕೂತಿತು.

"ಗೆದ್ದಿರಿ," ಎಂದಿತು ದೋಣಿಯ ಅಡಿಯಿಂದ ತೀರ್ಪುಗಾರರೊಬ್ಬರ ದನಿ.

ಜಲಜಾಕ್ಷಿ ಕುಣಿಯುತ್ತ ಓಡಿ ಬಂದು ಹುಟ್ಟನ್ನು ಚಿಕ್ಕಮ್ಮನ ಕೈಗಿತ್ತಳು. ಹೊಳೆಯಮ್ಮನ ಅಷ್ಟು ನಗುವಿಗೆ ಮಗು ಬೆಚ್ಚಿ ಎದ್ದು ಅಳುತ್ತಿತ್ತು.

"ತಂಡದಲ್ಲಿ ನಿನ್ನ ಜಾಗ ಗಟ್ಟಿ," ಎಂದಳು ಚಿಕ್ಕಮ್ಮ, ಹುಟ್ಟನ್ನು ಅವಳ ಕೈಗೇ ಮರಳಿ ಕೊಡುತ್ತ. "ಆದರೆ ಮಗು ಎದ್ದಿದೆ. ನಡಿ, ಮೊದಲಿಂದ!"