ಹದಿನೇಳನೇ ಕಂತು

"ಲೇ, ಈ ಅಂತರಿಕ್ಷದ ಸೀರಿಯಲ್‌ನಲ್ಲಿ ಹದಿನೇಳನೇ ಕಂತಿನಷ್ಟು ದರಿದ್ರ ಕಂತು ಇನ್ನೊಂದಿಲ್ಲ! ಗೆಳೆಯನ್ನ ಸತ್ತ ಗ್ರಹದ ಮೇಲೆ ಬಿಟ್ಟು ಓಡೋನು ಕ್ಯಾಪ್ಟನ್ನಾ? ಹೇಡಿ ನನ್ಮಗ!" ಟೈಲರ್ ರಿಮೋಟನ್ನು ತೊಡೆಗೆ ಕುಟ್ಟಿಕೊಂಡ.

"ತಲೆ ಇದ್ಯೇನೋ ನಿಂಗೆ? ಇದ್ದಿದ್ರಲ್ಲಿ ಅದೇ ಒಳ್ಳೇದು!" ಸೈಕಲ್ ರಿಪೇರಿಯವನು ಪಂಕ್ಚರಾದ ಟ್ಯೂಬನ್ನು ಬಕೆಟ್ಟಿನಲ್ಲಿ ಅದುಮುತ್ತ ಕೂಗಿದ. "ಕೊನೇಲಿ ವಾಪಸ್ ಬರ್ತಾನಲ್ಲೋ! ತನ್ನ ಆಕ್ಸಿಜನ್ ಪೈಪೇ ಕಿತ್ತು ಅವನಿಗೆ ಹಾಕ್ತಾನೆ. ನಾನು ಅತ್ತೇಬಿಟ್ಟೆ ಕಣೋ."

ಟೈಲರ್‌ನ ಕೈ ನಿಂತಿತು. ಆ ಕಂತಿನ ಕೊನೆಯನ್ನು ಇಬ್ಬರೂ ನೋಡಿಲ್ಲವೆಂದೇ ಅವನು ನಂಬಿದ್ದ. ಎರಡು ವರ್ಷದ ಹಿಂದೆ, ಗೆಳೆಯನ ಇದೇ ಸೈಕಲ್ ಅಂಗಡಿಯ ಟೀವಿಯಲ್ಲಿ ಅದು ಅರ್ಧ ಓಡಿದ್ದಾಗ, ಟೈಲರ್‌ನ ಹೆಂಡತಿ ಕುಸಿದುಬಿದ್ದ ಸುದ್ದಿ ಬಂದಿತ್ತು. "ನೀನು ಓಡು, ಬಾಗಿಲು ಹಾಕಿ ಹಿಂದೇನೇ ಬಂದೆ" ಎಂದಿದ್ದ ಗೆಳೆಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಷಟರ್ ಸಿಕ್ಕಿಹಾಕಿಕೊಂಡಿತ್ತು ಎಂದು ಹೇಳಿದ್ದ. ಆ ಕಂತನ್ನು ಇನ್ನೆಂದೂ ಹಾಕಬಾರದೆಂದು ಆಮೇಲೆ ಇಬ್ಬರೂ ಮಾತಾಡಿಕೊಂಡಿದ್ದರು.

"ಯಾವಾಗ ನೋಡ್ದೆ?"

ರಿಪೇರಿಯವನು ನೀರಿನಲ್ಲಿ ಏಳುತ್ತಿದ್ದ ಗುಳ್ಳೆಗಳಿಂದ ಕಣ್ಣು ಕೀಳಲಿಲ್ಲ. "ಅವತ್ತೇ. ಇನ್ನು ಇಪ್ಪತ್ತೇ ನಿಮಿಷ ಇತ್ತು ಕಣೋ. ಅಷ್ಟು ಸೀರಿಯಸ್ ಅಂತ ನಂಗೇನು ಗೊತ್ತಿತ್ತು..."

"ಒಬ್ಬನೇ ನಿಂತಿದ್ದೆನಲ್ಲೋ ಅಲ್ಲಿ. ಫಾರಂಗೆ ಸಹಿ ಹಾಕೋಕೂ ಕೈ ಬರ್ತಿರ್ಲಿಲ್ಲ."

ಟೈಲರ್ ರಿಮೋಟನ್ನು ಗೆಳೆಯನ ಒದ್ದೆ ಕೈಯಲ್ಲಿಟ್ಟು, ಕೊರಳಿನ ಟೇಪು ಸರಿಮಾಡಿಕೊಂಡು ರಸ್ತೆಗಿಳಿದ. "ನಿಲ್ಲೋ, ಬಾಗಿಲು ಹಾಕಿ ಬಂದೆ!" ಎಂಬ ಕೂಗು ಹಿಂದಿನಿಂದ ಕೇಳಿತು. ಅವನು ತಿರುಗಲಿಲ್ಲ. ಆ ಅಂಗಡಿಯ ಮೆಟ್ಟಿಲನ್ನು ಮತ್ತೆ ಹತ್ತಲೂ ಇಲ್ಲ.