ನಾಲ್ಕು ಬ್ಲೇಡಿನ ದಪ್ಪ

"ನಲವತ್ತು ಪೀಸೂ ಬೇಡ್ವಾ? ತಲೆ ಕೆಟ್ಟಿದ್ಯಾ ಮುನಿಯಕ್ಕ ನಿಂಗೆ?" ಮಾಲೀಕ ಗುರುಬಸಪ್ಪನ ಕೂಗಿಗೆ ಜೆ.ಪಿ. ನಗರದ ಆ ಶೆಡ್ಡಿನ ತಗಡೇ ನಡುಗಿತು. ಆಸ್ಪತ್ರೆ ಯಂತ್ರ ಮಾಡುವ ಕಂಪನಿಯವನು ಸಂಜೆ ಬಂದು ಮಾಲು ಒಯ್ಯಬೇಕು. ಇದು ತಪ್ಪಿದರೆ ಮುಂದಿನ ಆರ್ಡರೂ ಇಲ್ಲ.

ಪೀಸು ಎಂದರೆ ಐಸೊಲೇಟರ್. ಹೃದಯ ಪರೀಕ್ಷಿಸುವ ಯಂತ್ರದೊಳಗೆ ಕೂರುವ, ಬೆಂಕಿಪೊಟ್ಟಣದಷ್ಟು ಡಬ್ಬಿ. ಒಂದು ಕಡೆ ಪ್ಲಗ್ಗಿನಿಂದ ಬರುವ ಕರೆಂಟು, ಇನ್ನೊಂದು ಕಡೆ ರೋಗಿಯ ಎದೆಗೆ ಅಂಟಿಸುವ ತಂತಿ. ನಡುವೆ ಒಂದು ಪ್ಲಾಸ್ಟಿಕ್ ಹಾಳೆ. ಬೆಳಕು ದಾಟಬೇಕು, ಕರೆಂಟು ದಾಟಬಾರದು. ಅಷ್ಟೇ.

"ಹೊಸ ಹಾಳೆ ತೆಳ್ಳಗಿದೆ ಸಾರ್. ನಾಲ್ಕು ಬ್ಲೇಡಿನಷ್ಟು ದಪ್ಪ ಇರ್ಬೇಕು, ಇದು ಮೂರೇ ಬ್ಲೇಡು."

ಮಾಲು ತಪಾಸಣೆ ಮಾಡುವ ಮುನಿಯಕ್ಕ ನಾಲ್ಕು ಶೇವಿಂಗ್ ಬ್ಲೇಡುಗಳನ್ನು ಗಾಜಿನ ಮೇಲೆ ಒಂದರ ಮೇಲೊಂದು ಇಟ್ಟಳು. ಪಕ್ಕದಲ್ಲಿ ಹಾಳೆಯ ಮಿಕ್ಕ ತುಂಡು. ಹಾಳೆಯಿಂದ ಬ್ಲೇಡಿನತ್ತ ಉಗುರು ಎಳೆದಳು. ಮೆಟ್ಟಿಲು ಎಡವಿದ ಹಾಗೆ ಉಗುರು ಸಿಕ್ಕಿಕೊಂಡಿತು. ಎಪ್ಪತ್ತೊಂಬತ್ತರಲ್ಲಿ ಶೆಡ್ಡು ಶುರುವಾದಾಗ ಅಳೆಯುವ ಉಪಕರಣ ಕೊಳ್ಳಲಾಗದೆ ಈ ವಿದ್ಯೆ ಕಲಿಸಿದವನು ಗುರುಬಸಪ್ಪನೇ.

"ಎರಡೂವರೆ ಸಾವಿರ ವೋಲ್ಟ್ ಕೊಟ್ಟು ಟೆಸ್ಟ್ ಮಾಡಿದೀನಿ ಕಣಮ್ಮ. ಎಲ್ಲಾ ಪಾಸು!"

"ಎಷ್ಟೊತ್ತು ಕೊಟ್ರಿ?"

"ಒಂದು ನಿಮಿಷ."

"ಆಸ್ಪತ್ರೇಲಿ ಹತ್ತು ವರ್ಷ ಇರತ್ತೆ. ಒಳಗೊಂದು ಗುಳ್ಳೆ ಇದ್ರೂ ಕರೆಂಟು ದಿನಾ ಅಷ್ಟಷ್ಟೇ ತಿನ್ನತ್ತೆ. ದಪ್ಪ ಇದ್ರೆ ತಾಳತ್ತೆ. ನೀವೇ ಹೇಳಿದ್ದು." ಅವಳು ಒಂದು ಪೀಸು ಮುಂದೆ ಹಿಡಿದಳು. "ಪಾಸಾಗಿದೆ ತಾನೆ? ಈ ತಂತಿ ಎದೆಗೆ ಇಟ್ಕೊಳ್ಳಿ. ಆ ಕಡೆ ನಾನು ಪ್ಲಗ್ ಹಾಕ್ತೀನಿ."

ಗುರುಬಸಪ್ಪನ ಕೈ ಜೇಬಿನಿಂದ ಹೊರಗೆ ಬರಲಿಲ್ಲ.

"ಹೋಗ್ಲಿ. ಹಳೇ ದಪ್ಪ ಹಾಳೆ ಹಾಕಿದ ಪೀಸು ಕೊಡಿ, ನಾನು ಎದೆಗೆ ಇಟ್ಕೋತೀನಿ."

ಅವನು ಅವಳ ಮುಖ ನೋಡಿದ. ತಮಾಷೆ ಇರಲಿಲ್ಲ. ಸುತ್ತಿಗೆ ತೆಗೆದುಕೊಂಡು ನಲವತ್ತನ್ನೂ ತಾನೇ ಜಜ್ಜಿದ.

ಸಂಜೆ ಕಂಪನಿಯವನು ಹಾರಾಡಿದ. "ಟೆಸ್ಟ್ ಪಾಸಾಗಿದ್ದನ್ನ ಒಡೆದು ಹಾಕೋರುಂಟೇನ್ರೀ?"

"ನಮ್ಮ ಮುನಿಯಕ್ಕ ಬೇಡ ಅಂದಿದ್ದು ಈ ಬಾಗಿಲು ದಾಟಲ್ಲ ಸಾರ್," ಗುರುಬಸಪ್ಪ ಎದೆ ಸೆಟೆಸಿ ಹೇಳಿದ. "ಮೂರು ದಿನ ಕೊಡಿ, ದಪ್ಪ ಹಾಳೇಲಿ ಮಾಡಿಕೊಡ್ತೀವಿ. ಆಗಲ್ವಾ, ಬೇರೆ ಕಡೆ ನೋಡ್ಕೊಳ್ಳಿ."

ಆತ ಪುಡಿಯ ರಾಶಿ ನೋಡಿದ, ಗಾಜಿನ ಮುಂದೆ ಕೂತವಳನ್ನು ನೋಡಿದ. "ಮೂರೇ ದಿನ," ಎಂದು ಸ್ಕೂಟರ್ ಹತ್ತಿದ.

ಮರುದಿನ ಶೆಡ್ಡಿನ ಐದೂ ಮೇಜುಗಳ ಮೇಲೆ ನಾಲ್ಕು ನಾಲ್ಕು ಹೊಸ ಬ್ಲೇಡು ಇದ್ದವು. ಅವನ್ನು ತಂದಿಟ್ಟ ಗುರುಬಸಪ್ಪ ಮಾತ್ರ ಗಡ್ಡ ಬೋಳಿಸದೆ ಬಂದಿದ್ದ.